ಕರಿದ ವಾಸನೆ

ಯಲ್ಲಾಪುರದಲ್ಲಿ ಹೆದ್ದಾರಿಗೆ ಮುಖ ಮಾಡಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇತ್ತು. ಗೇಟು, ಕಿಟಕಿಯ ಸರಳು, ಟಿಲ್ಲರಿನ ಮುರಿದ ಕೊಂಡಿ ಇವು ದಿನದ ಕೆಲಸ. ಆದರೆ ಅರಬೈಲ್ ಘಟ್ಟದಲ್ಲಿ ಲಾರಿ ಬಿತ್ತೆಂದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುತ್ತಿದ್ದುದು ನನ್ನನ್ನೇ. ಜಜ್ಜಿಹೋದ ಕ್ಯಾಬಿನ್ನಿನಿಂದ ಮನುಷ್ಯನನ್ನು ಹೊರಗೆ ತೆಗೆಯಬೇಕೆಂದರೆ ಕಬ್ಬಿಣ ಕತ್ತರಿಸಬೇಕು, ಅದಕ್ಕೆ ಗ್ಯಾಸ್ ಕಟರ್ ಬೇಕು. ಕಟರ್ ನನ್ನ ಹತ್ತಿರ ಇತ್ತು. ನಾನು ಈ ಕೆಲಸಕ್ಕೆ ಸೇರಿಕೊಂಡದ್ದು ಇಷ್ಟೇ ಕಾರಣಕ್ಕೆ. ಸೇರಿಕೊಂಡೆ ಎನ್ನುವುದೂ ಸರಿಯಲ್ಲ. ಯಾರೂ ಕೇಳಲಿಲ್ಲ, ನಾನೂ ಒಲ್ಲೆ ಎನ್ನಲಿಲ್ಲ.

ಕೈ ಎಲ್ಲಿ, ಬಾಗಿಲು ಎಲ್ಲಿ ಎಂದು ಗೊತ್ತಾಗದ ಹಾಗೆ ಮುದ್ದೆಯಾದ ಗಾಡಿಗಳನ್ನು ನಾನು ನೋಡಿದ್ದೇನೆ. ಅವುಗಳ ವಿವರ ಇಲ್ಲಿ ಬರೆಯುವುದಿಲ್ಲ. ಸತ್ತವರಿಂದ ನನಗೆ ಹೇಸಿಗೆ ಆದದ್ದು ಕಡಿಮೆ. ಹೇಸಿಗೆ ಹುಟ್ಟಿಸಿದ್ದು ಬದುಕಿದ್ದವರು. ಅದು ಶುರುವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಎಣ್ಣೆ ಟ್ಯಾಂಕರ್ ಬಿದ್ದ ದಿನ.

ಮಳೆಗಾಲ ಮುಗಿದು ಚಳಿ ಆಗಷ್ಟೇ ಹಿಡಿಯುತ್ತಿದ್ದ ದಿನಗಳು. ಬೆಳಿಗ್ಗೆ ಅಂಗಡಿಯ ಕದ ತೆರೆಯುವಷ್ಟರಲ್ಲಿ ಪೊಲೀಸ್ ಜೀಪು ಬಂದು ನಿಂತಿತು. ಇಳಿದವನು ನನಗೆ ಗುರುತಿದ್ದ ಕಾನ್‌ಸ್ಟೇಬಲ್, ಸಿದ್ದಾಪುರದ ಕಡೆಯವನು. ಘಟ್ಟದ ತಿರುವಿನಲ್ಲಿ ತಾಳೆ ಎಣ್ಣೆಯ ಟ್ಯಾಂಕರ್ ಮಗುಚಿದೆ, ಡ್ರೈವರ್ ಒಳಗೆ ಸಿಕ್ಕಿಕೊಂಡಿದ್ದಾನೆ, ಜೀವ ಇದೆ ಎಂದ. ನಾನು ಚಹಾ ಕೂಡ ಕುಡಿದಿರಲಿಲ್ಲ. ಸಿಲಿಂಡರುಗಳನ್ನು ಜೀಪಿಗೆ ಹೇರಿದೆವು.

ತಿರುವು ಇನ್ನೂ ಕಾಣುವ ಮೊದಲೇ ರಸ್ತೆಯಲ್ಲಿ ಜನ ಕಂಡರು. ಎಲ್ಲರೂ ನಾವು ಹೋಗುತ್ತಿದ್ದ ದಿಕ್ಕಿಗೇ ಅವಸರದಿಂದ ನಡೆಯುತ್ತಿದ್ದರು, ಹೆಂಗಸರ ಸೊಂಟದಲ್ಲಿ ಕೊಡ, ಗಂಡಸರ ಕೈಯಲ್ಲಿ ಡಬ್ಬಿ, ಬಕೆಟ್ಟು, ಸೈಕಲ್ಲಿಗೆ ಕಟ್ಟಿದ ಕ್ಯಾನು. ನೀರು ತೆಗೆದುಕೊಂಡು ಹೋಗುತ್ತಿದ್ದಾರೆ ಎಂದು ನಾನು ತಿಳಿದೆ. ಇಷ್ಟು ಜನ ಸಹಾಯಕ್ಕೆ ಬಂದರಲ್ಲ ಎಂದು ಒಂದು ಗಳಿಗೆ ಸಂತೋಷವೂ ಆಯಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಟ್ಯಾಂಕರ್ ಬಲಕ್ಕೆ ವಾಲಿ ಗುಡ್ಡದ ಮೈಗೆ ಒರಗಿಕೊಂಡಿತ್ತು. ಹಿಂದುಗಡೆ ಟ್ಯಾಂಕಿನ ಮುಚ್ಚಳ ಸಡಿಲಾಗಿ ಎಣ್ಣೆ ಹಗ್ಗದಷ್ಟು ದಪ್ಪಕ್ಕೆ ಸುರಿಯುತ್ತಿತ್ತು. ಅದರ ಕೆಳಗೆ ಜಗಳ. ಒಬ್ಬರ ಕೊಡ ತುಂಬುವ ಮೊದಲು ಇನ್ನೊಬ್ಬರು ನೂಕುತ್ತಿದ್ದರು. ಚರಂಡಿಯಲ್ಲಿ ನಿಂತ ಎಣ್ಣೆಯನ್ನು ತಂಬಿಗೆಯಿಂದ ಗೋರಿ, ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ಹೊಯ್ಯುವವರೂ ಇದ್ದರು. ಮುಂದುಗಡೆ ಕ್ಯಾಬಿನ್ನಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ಡ್ರೈವರಿಗೆ ನನ್ನಷ್ಟೇ ವಯಸ್ಸು. ಹಾವೇರಿ ಕಡೆಯವನೆಂದು ಮಾತಿನಲ್ಲೇ ತಿಳಿಯಿತು. ಸ್ಟೇರಿಂಗಿನ ಕಂಬ ಮಡಚಿ ಅವನ ತೊಡೆಯ ಮೇಲೆ ಕೂತಿತ್ತು, ಕೆಳಗೆ ಕಾಲುಗಳು ತಗಡಿನೊಳಗೆ ಮುಚ್ಚಿಹೋಗಿದ್ದವು. ಪೂರ್ತಿ ಎಚ್ಚರವಿತ್ತು. ಹೆದರಬೇಡಿ, ಬಿಡಿಸುತ್ತೇನೆ ಎಂದೆ. ತಲೆ ಆಡಿಸಿದ.

ಆಕ್ಸಿಜನ್ ಸಿಲಿಂಡರಿನ ಬಾಯಿಗೆ ಎಣ್ಣೆಯ ಜಿಡ್ಡು ತಾಗಬಾರದು, ತಾಗಿದರೆ ಸಿಡಿಯುತ್ತದೆ. ಅಲ್ಲಿ ಎಣ್ಣೆ ಇಲ್ಲದ ಜಾಗವೇ ಇರಲಿಲ್ಲ. ಕೈಗೆ ಮಣ್ಣು ಉಜ್ಜಿ, ಜೀಪಿನಲ್ಲಿದ್ದ ಚಿಂದಿಯಿಂದ ಒರೆಸಿ, ಮತ್ತೆ ಮಣ್ಣು ಉಜ್ಜಿದೆ. ಕತ್ತರಿಸುವಾಗ ಕಬ್ಬಿಣ ಕಾದು ಅವನ ಕಾಲು ಸುಡದಂತೆ ನೀರು ಹೊಯ್ಯುತ್ತಿರಬೇಕು, ಒಂದು ಕೊಡ ನೀರು ತರಿಸು ಎಂದು ಕಾನ್‌ಸ್ಟೇಬಲ್‌ಗೆ ಹೇಳಿದೆ. ಸ್ವಲ್ಪ ಕೆಳಗೆ ರಸ್ತೆಯ ಪಕ್ಕದಲ್ಲೇ ಗುಡ್ಡದಿಂದ ನೀರು ಜಿನುಗುವ ಜಾಗ ಇತ್ತು. ಅವನು ಜನರ ಹತ್ತಿರ ಹೋಗಿ ಒಂದು ಕೊಡ ಕೇಳಿದ. ಕೊಡುವವರಿಲ್ಲ. ಎಲ್ಲ ಕೊಡಗಳಲ್ಲೂ ಎಣ್ಣೆ. ನಮ್ಮ ಊರಿನವನೇ ಆದ ಒಬ್ಬ, ಬಾಡಿಗೆ ಟೆಂಪೋ ಓಡಿಸುವವನು, ಟೆಂಪೋವನ್ನು ಅಲ್ಲೇ ತಂದು ನಿಲ್ಲಿಸಿ ಡ್ರಮ್ಮಿಗೆ ತುಂಬಿಸುತ್ತಿದ್ದ. ಅವನು ಹೇಳಿದ್ದು ನನಗೆ ಕ್ಯಾಬಿನ್ನಿನ ತನಕ ಕೇಳಿಸಿತು.

"ಒಮ್ಮೆ ಖಾಲಿ ಮಾಡಿದ್ರೆ ಮತ್ತೆ ತುಂಬ್ಲಿಕ್ಕೆ ಸಿಗ್ತದೇನ್ರೀ?"

ಡ್ರೈವರಿಗೂ ಕೇಳಿಸಿರಬೇಕು. ಒಡೆದ ಗಾಜಿನ ಸಂದಿಯಿಂದ ಅವನಿಗೆ ರಸ್ತೆಯ ಒಂದು ತುಂಡು ಕಾಣುತ್ತಿತ್ತು. ಜನ ಕೊಡ ಹೊತ್ತು ಓಡುವುದು ಕಾಣುತ್ತಿತ್ತು.

"ಅಣ್ಣಾರ, ಅವ್ರು ಏನ್ ಒಯ್ಯಾಕತ್ಯಾರ್ರೀ?" ಎಂದ.

"ನೀರು," ಎಂದೆ. "ಬೆಂಕಿ ಹತ್ತಬಾರ್ದು ಅಂತ ನೀರು ತರ್ತಿದ್ದಾರೆ."

"ಹಂಗಾರ ನನಗೂ ಒಂದೀಟು ಕೊಡಾಕ ಹೇಳ್ರಿ."

ನಾನು ಕಟರಿಗೆ ಬೆಂಕಿ ಹಚ್ಚಿದೆ. ಅಷ್ಟರಲ್ಲಿ ಕಾನ್‌ಸ್ಟೇಬಲ್ ಯಾರೋ ಹೆಂಗಸೊಬ್ಬಳ ಕೈಯಿಂದ ಕೊಡ ಕಿತ್ತು, ಎಣ್ಣೆಯನ್ನು ರಸ್ತೆಗೆ ಚೆಲ್ಲಿ, ನೀರು ತುಂಬಿಸಿಕೊಂಡು ಓಡಿ ಬಂದ. ಆ ಹೆಂಗಸು ಬೈಯುತ್ತ ಅವನ ಹಿಂದೆಯೇ ಬಂದಳು. ಕ್ಯಾಬಿನ್ನಿನ ಒಳಗಿದ್ದವನನ್ನು ಕಂಡಳು. ಆದರೂ ಬೈಗುಳ ನಿಲ್ಲಿಸಲಿಲ್ಲ, ನನ್ನ ಕೊಡ ವಾಪಸು ಕೊಡು ಎಂದು ಅಲ್ಲೇ ನಿಂತಳು. ಡ್ರೈವರು ಆ ಕೊಡದ ನೀರನ್ನೇ ಕುಡಿದ. ಮೇಲೆ ಎಣ್ಣೆ ತೇಲುತ್ತಿತ್ತು. ಕುಡಿದು ಸಾಕು ಎಂದು ಕೈ ಎತ್ತಿದ.

ಇನ್ನು ಒಂದು ಸಂಗತಿ ಬರೆಯಬೇಕು. ಎಣ್ಣೆ ಮೆತ್ತಿದ ಕಬ್ಬಿಣಕ್ಕೆ ಕಟರಿನ ಉರಿ ತಾಗಿದಾಗ ಹೊಗೆ ಎದ್ದಿತು. ಆ ಹೊಗೆಗೆ ಬಜ್ಜಿ ಕರಿಯುವ ವಾಸನೆ. ಬಸ್‌ಸ್ಟ್ಯಾಂಡಿನ ಹತ್ತಿರ ಬಾಣಲೆ ಇಟ್ಟಾಗ ಬರುತ್ತದಲ್ಲ, ಅದೇ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರದ ನನ್ನ ಬಾಯಲ್ಲಿ ನೀರೂರಿತು. ಎದುರಿಗೆ ಒಬ್ಬ ಮನುಷ್ಯ ಹಲ್ಲು ಕಚ್ಚಿಕೊಂಡು ನನ್ನ ತೋಳು ಹಿಡಿದಿದ್ದಾನೆ, ನನ್ನ ಹೊಟ್ಟೆ ಹಸಿವು ಹಸಿವು ಎನ್ನುತ್ತಿದೆ. ಉಗುಳು ನುಂಗಿಕೊಂಡು ಕೆಲಸ ಮಾಡಿದೆ.

ಅವನನ್ನು ಹೊರಗೆ ತೆಗೆದೆವು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಲು ಕಾಲು ಬಗ್ಗುವಂತಿರಲಿಲ್ಲ. ಟೆಂಪೋ ಬೇಕು ಎಂದು ಕಾನ್‌ಸ್ಟೇಬಲ್ ಕೂಗಿದಾಗ ಟೆಂಪೋದವನು ಡ್ರಮ್ ಇಳಿಸಲು ಒಪ್ಪಲಿಲ್ಲ. ಡ್ರಮ್ಮುಗಳ ನಡುವೆ ಜಾಗ ಇದೆ, ಅಲ್ಲೇ ಮಲಗಿಸಿ ಎಂದ. ಮಲಗಿಸಿದೆವು. ತನ್ನ ಟ್ಯಾಂಕರಿನಿಂದ ಸುರಿದ ಎಣ್ಣೆಯ ಡ್ರಮ್ಮುಗಳ ನಡುವೆ ಆ ಡ್ರೈವರ್ ಊರಿಗೆ ಬಂದ. ಘಟ್ಟ ಹತ್ತಿ ಮುಗಿಯುವ ಮೊದಲೇ ನನ್ನ ತೋಳಿನ ಮೇಲಿದ್ದ ಅವನ ಕೈ ಸಡಿಲವಾಯಿತು.

ಮನೆಗೆ ಬಂದು ಸ್ನಾನ ಮಾಡಿದೆ. ಎಷ್ಟು ಸೋಪು ಹಾಕಿದರೂ ಜಿಡ್ಡು ಹೋಗಲಿಲ್ಲ. ಹೆಂಡತಿ ನೀರು ಕಾಯಿಸಿ ಕಾಯಿಸಿ ಕೊಟ್ಟಳು. ಎರಡು ದಿನ ಕಳೆದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಹೊಸ ಕ್ಯಾನೊಂದು ಕಂಡಿತು. ನಮ್ಮ ಬೀದಿಗೆ ಎಣ್ಣೆ ಮಾರಾಟಕ್ಕೆ ಬಂದಿತ್ತಂತೆ, ಅಂಗಡಿಗಿಂತ ಅಗ್ಗ. ನಮ್ಮ ಮನೆಯ ಮಾತು ಉರ್ದು, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲ್ಲರೂ ತಗೊಂಡ್ರು, ನಾನೂ ತಗೊಂಡೆ. ಎಲ್ಲಿಂದ ಬಂತು ಅಂತ ನನಗೇನು ಗೊತ್ತು?"

ಕ್ಯಾನನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದೆ. ಅವಳು ಅತ್ತಳು. ತಪ್ಪು ಅವಳದ್ದಲ್ಲ ಎಂದು ನನಗೆ ತಿಳಿದಿತ್ತು. ಆದರೆ ಅಂದಿನಿಂದ ಯಾವ ಮನೆಯ ಬಾಣಲೆಯನ್ನೂ ನಂಬಲಾಗಲಿಲ್ಲ. ತಾಳೆ ಎಣ್ಣೆ ಎಲ್ಲ ಒಂದೇ, ರೇಷನ್ ಅಂಗಡಿಯದೂ ಅದೇ, ಟ್ಯಾಂಕರಿನದೂ ಅದೇ, ಗುರುತು ಹಿಡಿಯುವುದು ಹೇಗೆ? ಊರಿಡೀ ಆ ಎಣ್ಣೆಯಲ್ಲಿ ಕರಿದು ತಿನ್ನುತ್ತಿದೆ ಎನಿಸಿತು. ಮದುವೆ ಮನೆಗಳಿಗೆ ಹೋಗುವುದು ಬಿಟ್ಟೆ. ರಂಜಾನಿನಲ್ಲಿ ಉಪವಾಸ ಬಿಡುವ ಹೊತ್ತಿಗೆ ಮಸೀದಿಯಲ್ಲಿ ತಟ್ಟೆ ಮುಂದೆ ಬಂದರೆ ಖರ್ಜೂರ ಒಂದನ್ನು ತೆಗೆದುಕೊಂಡು ಹೊರಗೆ ಬಂದುಬಿಡುತ್ತಿದ್ದೆ. ಗಂಜಿ, ಬೇಳೆಕಟ್ಟು, ಹಾಲು. ಮೈ ಇಳಿಯಿತು. ನಿದ್ದೆ ಹತ್ತಿದರೆ ಹೊಗೆಯ ವಾಸನೆ ಬಂದು ಎಚ್ಚರವಾಗುತ್ತಿತ್ತು. ನಮ್ಮ ಡಾಕ್ಟರು ಹುಳಿತೇಗಿಗೆ ಗುಳಿಗೆ ಬರೆದುಕೊಟ್ಟರು. ಅತ್ತೆ ದರ್ಗಾದಿಂದ ತಾಯತ ತಂದು ಕಟ್ಟಿದರು.

ಟ್ಯಾಂಕರಿನ ಮೇಲೆ ಕೇಸು ಆಯಿತು. ಎಣ್ಣೆ ಒಯ್ದವರ ಮೇಲೆ ಏನೂ ಆಗಲಿಲ್ಲ. ಘಟ್ಟದಲ್ಲಿ ಮತ್ತೆ ಲಾರಿಗಳು ಬಿದ್ದವು, ಪೊಲೀಸರು ಮತ್ತೆ ಕರೆದರು, ನಾನು ಹೋದೆ. ಹೋಗುವಾಗ ಮಾತ್ರ ಮೂಗಿಗೆ ಬಟ್ಟೆ ಬಿಗಿದು ಹೋಗುತ್ತಿದ್ದೆ. ಹೆಣದ ವಾಸನೆಗೆ ಹೆದರುತ್ತಾನೆ ಎಂದು ಜನ ನಗುತ್ತಿದ್ದರು.

ಕೆಲವು ವರ್ಷ ಹೀಗೆ ಕಳೆದವು. ಎರಡು ಸಾವಿರದ ಇಸವಿಯ ಈಚೆ ಒಂದು ದಿನ ಠಾಣೆಯಿಂದ ಹೇಳಿಕಳಿಸಿದರು. ಅಪಘಾತದ ಜಾಗಕ್ಕೆ ಮೊದಲು ಓಡುವವರಿಗಾಗಿ ಶಿರಸಿಯಲ್ಲಿ ಒಂದು ತರಬೇತಿ ಇದೆಯಂತೆ. ಪೊಲೀಸರು, ಆಸ್ಪತ್ರೆಯವರು, ಆಂಬುಲೆನ್ಸಿನ ಡ್ರೈವರುಗಳು, ನನ್ನಂಥ ಗ್ಯಾರೇಜಿನವರು ಎಲ್ಲ ಬರಬೇಕು. ಗಾಯಾಳುವನ್ನು ಎತ್ತುವುದನ್ನು ಕಲಿಸುತ್ತಾರೆ, ಜೊತೆಗೆ ನಮ್ಮ ಮನಸ್ಸಿಗೆ ಧೈರ್ಯ ತುಂಬುತ್ತಾರೆ. ಮನಸ್ಸು ಎಂಬ ಮಾತು ಕೇಳಿ ನನಗೆ ಆಸೆ ಹುಟ್ಟಿತು. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಬಸ್ಸಿನಲ್ಲಿ ಕೂತು, ಕೇಳಬೇಕಾದ್ದನ್ನು ಹೇಗೆ ಕೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತ ಹೋದೆ.

ಸಭಾಂಗಣದಲ್ಲಿ ಹಾರ, ಶಾಲು, ಸ್ವಾಗತ ಇವೇ ಅರ್ಧ ಬೆಳಗು ತಿಂದವು. ಆಮೇಲೆ ಧಾರವಾಡದ ಕಡೆಯ ತರಬೇತುದಾರರು ಎದ್ದರು. ಒಳ್ಳೆಯ ಕಂಠ. ಎಲ್ಲರೂ ಕಣ್ಣು ಮುಚ್ಚಿ, ಸಮುದ್ರದ ದಂಡೆಯಲ್ಲಿ ಕೂತಿದ್ದೇವೆಂದು ತಿಳಿಯಿರಿ, ತಂಪು ಗಾಳಿಯನ್ನು ಮೂಗಿನ ತುಂಬ ಎಳೆದುಕೊಳ್ಳಿ ಎಂದರು. ನಾನು ಎಳೆದುಕೊಂಡೆ. ಸಭಾಂಗಣದ ಹಿಂದೆ ಊಟಕ್ಕೆ ಪೂರಿ ಕರಿಯುತ್ತಿದ್ದರು. ಕಣ್ಣು ಬಿಟ್ಟುಬಿಟ್ಟೆ.

ಕಣ್ಣು ಮುಚ್ಚಿ ಕೂತವರ ಸಾಲಿನಲ್ಲಿ ಟೆಂಪೋದವನು ಕಂಡ. ಬಾಡಿಗೆ ಗಾಡಿಯವರ ಪರವಾಗಿ ಬಂದಿದ್ದನಂತೆ. ತರಬೇತುದಾರರು ಈಗ ಯಾರಾದರೂ ತಮ್ಮ ಅನುಭವ ಹೇಳಬೇಕು, ಒಳಗೆ ಇಟ್ಟುಕೊಳ್ಳಬಾರದು, ಹೇಳಿದರೆ ಹಗುರ ಆಗುತ್ತದೆ ಎಂದರು. ನಾನು ಕೈ ಎತ್ತಬೇಕು ಎಂದುಕೊಳ್ಳುವಷ್ಟರಲ್ಲಿ ಅವನು ಎದ್ದು ನಿಂತ. ಎಣ್ಣೆ ಟ್ಯಾಂಕರಿನ ಕತೆಯನ್ನೇ ಹೇಳಿದ. ಅರಬೈಲ್ ಘಟ್ಟದಲ್ಲಿ ಒಬ್ಬ ಡ್ರೈವರ್ ಸಾಯುತ್ತಿದ್ದ, ಯಾರೂ ಹತ್ತಿರ ಬರಲಿಲ್ಲ, ನಾನು ನನ್ನ ಟೆಂಪೋದಲ್ಲಿ ಅವನನ್ನು ಹಾಕಿಕೊಂಡು ಆಸ್ಪತ್ರೆಗೆ ಓಡಿದೆ ಎಂದ. ಡ್ರಮ್ಮಿನ ಮಾತು ಬರಲಿಲ್ಲ. ಹೇಳುತ್ತ ಹೇಳುತ್ತ ಅತ್ತ. ನಿಜವಾಗಿಯೇ ಅತ್ತ, ಮೂಗು ಸೋರಿತು. ತರಬೇತುದಾರರು ಕೆಳಗಿಳಿದು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು.

"ಇಂಥವ್ರು ಸಮಾಜದ ಆಸ್ತಿ ನೋಡ್ರಿ. ಎಲ್ಲಾರೂ ಒಮ್ಮೆ ಚಪ್ಪಾಳಿ ತಟ್ರಿ."

ತಟ್ಟಿದರು. ನನ್ನ ಪಕ್ಕದವರೂ ತಟ್ಟಿದರು. ನಾನು ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿದೆ. ಬಂದದ್ದು ಬರೀ ಹುಳಿನೀರು.

ಹಿಂದಿನಿಂದ ಒಬ್ಬರು ಚೊಂಬಿನಲ್ಲಿ ನೀರು ತಂದುಕೊಟ್ಟರು. ಶಿರಸಿ ಆಸ್ಪತ್ರೆಯ ಸಿಸ್ಟರ್, ನಡುವಯಸ್ಸು ದಾಟಿದವರು. ತರಬೇತಿಯಲ್ಲಿ ಬ್ಯಾಂಡೇಜು ಕಟ್ಟುವುದನ್ನು ತೋರಿಸಲು ಬಂದಿದ್ದರು. ಸಿದ್ದಾಪುರ ತಾಲೂಕಿನ ಹೇರೂರು ಕಡೆಯ ತೋಟದ ಮನೆತನದವರು. ಇಷ್ಟು ವರ್ಷ ಹೊರಗೆ ದುಡಿದರೂ ಮನೆಮಾತು ನಾಲಿಗೆಯಿಂದ ಪೂರ್ತಿ ಹೋಗಿರಲಿಲ್ಲ, ‘ಅಂತ’ ಎನ್ನುವಲ್ಲಿ ‘ಹೇಳಿ’ ಎನ್ನುತ್ತಿದ್ದರು.

"ಎಂತ ಆತು? ಬೆಳಿಗ್ಗೆ ತಿಂದದ್ದು ಸೇರಿದ್ದಿಲ್ಯಾ?"

ಏನೂ ತಿಂದಿಲ್ಲ, ಒಳಗೆ ಮಾತಾಡಿದವನು ಸುಳ್ಳ ಎಂದೆ. ಅವರು ಒಳಗೆ ಹೋಗಿ ವಿಚಾರಿಸುತ್ತೇನೆ ಎನ್ನಲಿಲ್ಲ, ಹಾಗೆ ಹೇಳಬಾರದು ಎಂದೂ ಬುದ್ಧಿ ಹೇಳಲಿಲ್ಲ. ನನ್ನ ಮಣಿಕಟ್ಟು ನೋಡಿದರು. ಇಷ್ಟು ಸಪೂರ ಆಗಿ ಎಷ್ಟು ಕಾಲವಾಯಿತು, ಏನೇನು ತಿನ್ನಲಾಗುತ್ತದೆ, ಏನು ಆಗುವುದಿಲ್ಲ ಎಂದು ಒಂದೊಂದಾಗಿ ಕೇಳಿದರು. ಗೋಡೆಯ ನೆರಳಿನಲ್ಲಿ ಕೂತು ಎಲ್ಲ ಹೇಳಿದೆ. ನೀರಿನ ಸುಳ್ಳು ಹೇಳಿದ್ದು, ಡ್ರಮ್ಮು, ಹೆಂಡತಿಯ ಕ್ಯಾನು. ಕೊನೆಗೆ ಬಾಯಲ್ಲಿ ನೀರೂರಿದ್ದನ್ನೂ ಹೇಳಿದೆ. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಎಣ್ಣೆ ಹೊತ್ತವರಿಗೂ ನನಗೂ ಏನು ವ್ಯತ್ಯಾಸ ಎಂದೆ.

ಅವರು ಚೊಂಬಿನಲ್ಲಿ ಉಳಿದಿದ್ದ ನೀರನ್ನು ನನ್ನ ಕೈಗೆ ಹೊಯ್ದರು.

"ಬೆಳಗಿಂದ ಉಪಾಸ ಇದ್ರಿ ಅಲ್ದಾ?"

"ಹೌದು."

"ಹಂಗಾದ್ರೆ ಹಸಿವಾಗ್ಲೇಬೇಕು. ಹೊಟ್ಟೆಗೆ ಎದುರಿಗೆ ಯಾರಿದ್ದ ಹೇಳಿ ಗೊತ್ತಾಗ್ತಿಲ್ಲೆ. ಅವ್ರು ಕೊಡ ತುಂಬಿದ್ರು, ನೀವು ಕಬ್ಬಿಣ ಕೊಯ್ದ್ರಿ. ಅದೇ ವ್ಯತ್ಯಾಸ."

ಹೊಸದಾಗಿ ಕೆಲಸಕ್ಕೆ ಸೇರಿದಾಗ ಸುಟ್ಟ ಗಾಯದವರ ವಾರ್ಡಿನಲ್ಲಿ ನನಗೂ ಹೀಗೇ ಆಗಿತ್ತು, ಆಮೇಲೆ ಸುಟ್ಟ ಹಪ್ಪಳ ಕಂಡರೆ ಎದ್ದು ಹೋಗುತ್ತಿದ್ದೆ ಎಂದು ಹೇಳಿದರು. ಹೇಳಿದ ರೀತಿಯಲ್ಲಿ ನಾಟಕವಿರಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೆಲವರು ಸೇರುತ್ತೇವೆ, ಬನ್ನಿ ಎಂದರು. ಮೇಲಿನವರ ಅಪ್ಪಣೆ ಅದಕ್ಕೆ ಇರಲಿಲ್ಲ. ಒಬ್ಬ ಮಾನಸಿಕ ತಜ್ಞರು ಹುಬ್ಬಳ್ಳಿಯಿಂದ ಬಿಡುವಾದಾಗ ಬಂದು ಹೋಗುತ್ತಿದ್ದರಂತೆ.

ಹೋದೆ. ಕೋಣೆಯಲ್ಲಿ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದರು, ಫಿನೈಲಿನ ವಾಸನೆ ಹೊಡೆಯುತ್ತಿತ್ತು. ಮೊದಲ ದಿನವೇ ಅಲ್ಲಿ ನಮ್ಮ ಕಾನ್‌ಸ್ಟೇಬಲ್ ಕೂತಿದ್ದ. ಇಬ್ಬರಿಗೂ ನಾಚಿಕೆ ಆಯಿತು. ಅವನು ಆ ಹೆಂಗಸಿನ ಕೊಡ ಕಿತ್ತದ್ದಕ್ಕೆ ಅವಳ ಗಂಡ ಅರ್ಜಿ ಕೊಟ್ಟಿದ್ದನಂತೆ, ಠಾಣೆಯಲ್ಲಿ ವಿವರಣೆ ಕೇಳಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಅಂದಿನಿಂದ ಅವನು ಕುಡಿತಕ್ಕೆ ಬಿದ್ದಿದ್ದ. ಹೆಣ ಎತ್ತಿದ ದಿನ ಠಾಣೆಯಲ್ಲೇ ಯಾರಾದರೂ ಒಂದು ಬಾಟಲಿ ಕೈಗಿಡುತ್ತಿದ್ದರು, ಅದೇ ಇಲಾಖೆಯ ಔಷಧ ಎಂದು ಅವನು ನಕ್ಕ. ಹುಬ್ಬಳ್ಳಿಯ ಡಾಕ್ಟರು ಬಂದಾಗ ಇಬ್ಬರಿಗೂ ಮಾತ್ರೆ ಬರೆದುಕೊಟ್ಟರು, ವಾಸನೆಯನ್ನು ದೂರದಿಂದ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವೇ ತಾಳಿಕೊಳ್ಳುವುದನ್ನು ನನಗೆ ಹೇಳಿಕೊಟ್ಟರು. ಮೊದಲು ಒಗ್ಗರಣೆ ಹಾಕುವಾಗ ಅಡಿಗೆಮನೆಯ ಹೊರಗೆ ನಿಲ್ಲುವುದು, ಆಮೇಲೆ ಬಾಗಿಲಲ್ಲಿ. ಹೆಂಡತಿ ಒಗ್ಗರಣೆಗೆ ಮುಂಚೆ ಕೂಗಿ ಹೇಳುತ್ತಿದ್ದಳು. ನಿದ್ದೆ ಮೊದಲು ಬಂತು. ಒಗ್ಗರಣೆಯ ಸಾರು ಉಣ್ಣಲು ತುಂಬ ತಿಂಗಳು ಹಿಡಿಯಿತು.

ಒಂದು ಗುರುವಾರ ಬಾಗಿಲು ದೂಡಿ ಒಳಗೆ ಹೋದರೆ ಟೆಂಪೋದವನು ಕೂತಿದ್ದ. ತಲೆ ತಗ್ಗಿಸಿದ್ದ. ನನಗೆ ಮೈಮೇಲೆ ಹುಳ ಹರಿದಂತಾಯಿತು. ತಿರುಗಿ ಹೊರಟೆ. ಸಿಸ್ಟರ್ ಅಂಗಳದ ತನಕ ಬಂದರು.

"ಅಂವಂಗೂ ನಿದ್ದೆ ಬತ್ತಿಲ್ಲೆ ಹೇಳಿ ಬಂದ," ಎಂದರು. "ಬರಬೇಡ ಹೇಳಲಾಗ್ತಿಲ್ಲೆ ನಂಗೆ."

"ಅವನ ಜೊತೆ ನಾನು ಕೂರೋದಿಲ್ಲ, ಸಿಸ್ಟರ್."

"ಕೂರೂದು ಬೇಡ. ನೀವು ಸೋಮವಾರ ಬನ್ನಿ. ಆದ್ರೆ ಬನ್ನಿ."

ಅಂದಿನಿಂದ ನಾನು ಸೋಮವಾರ ಹೋಗತೊಡಗಿದೆ. ಟೆಂಪೋದವನು ಡ್ರಮ್ಮಿನ ಮಾತನ್ನು ಅಲ್ಲಿ ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಕಾನ್‌ಸ್ಟೇಬಲ್‌ಗೆ ಗೊತ್ತಿತ್ತು. ಆದರೆ ಅಲ್ಲಿ ಆಡಿದ್ದನ್ನು ಹೊರಗೆ ಆಡಬಾರದೆಂಬುದು ಆ ಕೋಣೆಯ ಒಂದೇ ನಿಯಮ, ಅವನು ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ. ಸಿಸ್ಟರ್ ಮಾಡಿದ್ದು ಸರಿ ಎಂದು ನನಗೆ ಗೊತ್ತು. ಗೊತ್ತಿದ್ದರೂ ಹೇಸಿಗೆ ಕರಗಲಿಲ್ಲ. ಟೆಂಪೋದವನು ಆಮೇಲೆ ಅಪಘಾತಗಳಿಗೆ ಕರೆದ ಕೂಡಲೇ ಖಾಲಿ ಗಾಡಿ ತರುತ್ತಿದ್ದ, ಗಾಯಾಳುಗಳಿಗೆ ಹಾಸಲು ಕಂಬಳಿಯನ್ನೂ ಇಟ್ಟುಕೊಂಡಿದ್ದ. ಅದನ್ನೂ ಬರೆಯಬೇಕು, ಬರೆದಿದ್ದೇನೆ. ಎದುರಿಗೆ ಸಿಕ್ಕರೆ ನಮಸ್ಕಾರ ಎನ್ನುತ್ತಿದ್ದ. ನಾನು ಒಮ್ಮೆಯೂ ತಿರುಗಿ ಎನ್ನಲಿಲ್ಲ. ಅವನು ಹಿಡಿದ ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದಿದ್ದೇನೆ, ಅಷ್ಟೇ.

ಸಿಸ್ಟರಿಗೆ ವರ್ಗವಾಯಿತು. ಬಂದ ಹೊಸಬರು ಕೋಣೆ ಸ್ಟೋರಿಗೆ ಬೇಕೆಂದು ಬೀಗ ಹಾಕಿಸಿದರು. ಅದೇ ವರ್ಷ ಶಿರಸಿಯಲ್ಲಿ ಮತ್ತೊಮ್ಮೆ ತರಬೇತಿ ನಡೆಯಿತು, ಕರೆ ಬಂತು. ನಾನು ಹೋಗಲಿಲ್ಲ. ಹೋಗಿ ಬಂದವರು ಕೈಚೀಲ, ಪೆನ್ನು ಕೊಟ್ಟರು ಎಂದರು. ಮುಂದೆ ಸೈರನ್ನಿನ ಹೊಸ ಆಂಬುಲೆನ್ಸುಗಳು ಬಂದವು, ಅದರಲ್ಲಿ ಕಲಿತ ಹುಡುಗರು ಬಂದರು. ಪೊಲೀಸರು ನನ್ನನ್ನು ಹುಡುಕುವುದು ಕಡಿಮೆ ಆಯಿತು.

ಕಾನ್‌ಸ್ಟೇಬಲ್ ಕುಡಿತ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಈಗ ಸಿದ್ದಾಪುರದ ತನ್ನ ಊರಲ್ಲಿದ್ದಾನೆ. ಆಗಾಗ ಬಸ್ಸು ಹಿಡಿದು ಹೋಗಿ ನೋಡಿಕೊಂಡು ಬರುತ್ತೇನೆ. ಇಬ್ಬರೂ ಜಗುಲಿಯಲ್ಲಿ ಕೂತು ಗದ್ದೆಯ ಮಾತು, ಮಕ್ಕಳ ಮಾತು ಆಡುತ್ತೇವೆ. ಘಟ್ಟದ ಮಾತು ಬರುವುದಿಲ್ಲ. ಹೊರಡುವಾಗ ಮಾತ್ರ ಅವನು ಬಸ್‌ಸ್ಟಾಪಿನ ತನಕ ಜೊತೆಗೆ ಬಂದು ಕೇಳುತ್ತಾನೆ:

"ಎಂತ ಮಾರಾಯ, ನಿದ್ದೆ ಬರ್ತದ್ಯಾ?"

ಹೆಚ್ಚಿನ ದಿನ ಬರುತ್ತದೆ ಎನ್ನುತ್ತೇನೆ. ತನಗೂ ಹಾಗೆಯೇ ಎನ್ನುತ್ತಾನೆ. ಅಷ್ಟರಲ್ಲಿ ಶಿರಸಿಯ ಬಸ್ಸು ಬರುತ್ತದೆ.